ಸರ್ವಿಟರ್ ನಡೆಯುತ್ತೆ, ಯೋಚಿಸೋ ಯಂತ್ರ ನಡೆಯಲ್ಲ: ಟೆಕ್-ಹೆರೆಸಿ ತನಿಖೆಯ ಆಟ ಕಟ್ಟೋದು ಹೇಗೆ?

ಮಹಡಿಮೇಲಿನ_ಜಿಎಂ (ಪ್ರಶ್ನೆ)

ವಾರ್‌ಹ್ಯಾಮರ್ 40,000 ಅನ್ನೋ ದೂರಭವಿಷ್ಯದ ಕಾಲ್ಪನಿಕ ಲೋಕದಲ್ಲಿ ರೋಲ್‌ಪ್ಲೇ ಆಟ ನಡೆಸೋಕೆ ಹೊರಟಿದೀನಿ, ಗೇಮ್ ಮಾಸ್ಟರ್ (ಜಿಎಂ), ಅಂದ್ರೆ ಕಥೆ ನಡೆಸೋನು, ನಾನೇ. ಮಿನಿಯೇಚರ್ ಇಟ್ಟು ಆಡೋ ಯುದ್ಧ ಅಲ್ಲ, ಪೂರ್ತಿ ತನಿಖೆ: ಟೆಕ್-ಹೆರೆಸಿ, ಅಂದ್ರೆ ಯಂತ್ರಗಳ ವಿಷಯದಲ್ಲಿ ಧರ್ಮದ್ರೋಹ, ಪತ್ತೆ ಹಚ್ಚೋದು. ನಾಲ್ವರು ಆಟಗಾರರು, ಎಲ್ಲರೂ ಒಬ್ಬ ಇನ್‌ಕ್ವಿಸಿಟರ್ (ಧರ್ಮದ್ರೋಹ ಹುಡುಕೋ ಅಧಿಕಾರಿ) ಕೈಕೆಳಗಿನವರು. ಆರು ಭಾನುವಾರ, ಪ್ರತಿ ಸಲ ಮೂರು ಗಂಟೆ, ಜಾಗ ಬಸವನಗುಡಿ, ಮಾತೆಲ್ಲ ಕನ್ನಡದಲ್ಲಿ. ಇಬ್ಬರು ಈ ಲೋಕವನ್ನ ಅರೆದು ಕುಡಿದವರು. ಇನ್ನಿಬ್ಬರಿಗೆ ಏನೂ ಗೊತ್ತಿಲ್ಲ.

ಕಥೆ ಇಷ್ಟು. ದೂರದ ಗಣಿ ಗ್ರಹದಲ್ಲಿ ಅದಿರು ಕರಗಿಸೋ ಕಾರ್ಖಾನೆ. ಅಲ್ಲಿನ ಟೆಕ್‌ಪ್ರೀಸ್ಟ್, ಅಂದ್ರೆ ಯಂತ್ರಗಳನ್ನ ಪೂಜಿಸಿ ನಡೆಸೋ ಪುರೋಹಿತ, ನೆಲಮಾಳಿಗೆಯಲ್ಲಿ ಯೋಚಿಸೋ ಯಂತ್ರವೊಂದನ್ನ ಬಚ್ಚಿಟ್ಟಿದಾನೆ. ಕಾರ್ಖಾನೆ ನಿಜವಾಗಿ ನಡೆಸ್ತಿರೋದು ಅದೇ. ಯಾರಿಗೂ ಕೇಡು ಮಾಡಿಲ್ಲ, ಉಲ್ಟಾ ಅಪಘಾತಗಳು ಕಮ್ಮಿಯಾಗಿವೆ.

ಮೂರು ಅನುಮಾನ. ಒಂದು, ಕಾನೂನಿನ ಗೆರೆ ಸರಿಯಾಗಿ ಎಲ್ಲಿದೆ? ಮನುಷ್ಯನ ಮಿದುಳು ಕತ್ತರಿಸಿ ಕಬ್ಬಿಣಕ್ಕೆ ಜೋಡಿಸಿ ಸರ್ವಿಟರ್ ಅನ್ನೋ ಆಳು ಮಾಡಿದರೆ ಪುಣ್ಯ, ಅದೇ ಕೆಲಸ ಚಿಪ್ ಮಾಡಿದರೆ ಮರಣದಂಡನೆ ಅಂದರೆ ಹೊಸಬರು ನಗ್ತಾರೆ. ಎರಡು, ಸುಳಿವುಗಳನ್ನ ಹೇಗೆ ಇಡಬೇಕು? "ನೆಲಮಾಳಿಗೇಲಿ ಕೆಂಪು ಲೈಟ್ ಕಾಣಿಸ್ತು" ಅನ್ನೋ ಥರದ್ದು ಬೇಡ. ಮೂರು, ಕೊನೆಯ ಭಾನುವಾರ ಮೇಜಿನ ಮೇಲೆ ಇಡೋಕೆ ಆ ಯಂತ್ರದ "ಮಿದುಳು" ಬೇಕು, ಕೈಯಲ್ಲಿ ಹಿಡಿಯೋ ಹಾಗೆ. ಬೆಸುಗೆ ಹಾಕೋಕೆ ಬರುತ್ತೆ, 3ಡಿ ಪ್ರಿಂಟರ್ ಇಲ್ಲ.

ಕೆಂಪುನಿಲುವಂಗಿ

ಹೊಸಬರಿಗೆ ಮೊದಲು ಇದನ್ನು ಹೇಳಿ: ಈ ನಿಷೇಧ ಸುಮ್ಮನೆ ಹುಟ್ಟಿದ್ದಲ್ಲ. ಆ ಲೋಕದ ಇತಿಹಾಸದಲ್ಲಿ ತಂತ್ರಜ್ಞಾನದ ಯುಗ ಅಂತ ಒಂದು ಕಾಲ. ಆಗ ಮನುಷ್ಯರೇ ಕಟ್ಟಿದ ಯೋಚಿಸುವ ಯಂತ್ರಗಳು, ಅಂದರೆ ಮೆನ್ ಆಫ್ ಐರನ್, ಅವರ ಮೇಲೇ ತಿರುಗಿಬಿದ್ದವು. ಮನುಷ್ಯರು ಗೆದ್ದರು, ಆದರೆ ಆ ಯುದ್ಧ ಅವರ ನಾಗರಿಕತೆಯ ಬೆನ್ನು ಮುರಿಯಿತು; ಮುಂದೆ ಸಾವಿರಾರು ವರ್ಷ ಗ್ರಹಗಳ ನಡುವೆ ಸಂಪರ್ಕವೇ ಇಲ್ಲದ ಕತ್ತಲು. ಯಾಕೆ ಅಂತ ಮರೆತುಹೋಗಿದೆ, ಭಯ ಮಾತ್ರ ಉಳಿದಿದೆ. ಆ ಭಯವೇ ಮಂಗಳ ಗ್ರಹದ ಅಡೆಪ್ಟಸ್ ಮೆಕ್ಯಾನಿಕಸ್ ಎಂಬ ಟೆಕ್‌ಪ್ರೀಸ್ಟ್‌ಗಳ ಸಂಘದಲ್ಲಿ ಮತಧರ್ಮವಾಗಿ ಗಟ್ಟಿಯಾಯಿತು.

ಅವರಿಗೆ ಹದಿನಾರು ಸಾರ್ವತ್ರಿಕ ನಿಯಮಗಳಿವೆ. ಮೊದಲ ಎಂಟು ರಹಸ್ಯಗಳು, ಉಳಿದ ಎಂಟು ಎಚ್ಚರಿಕೆಗಳು. ನಿಮ್ಮ ಆಟಕ್ಕೆ ಬೇಕಾದ್ದು ಎರಡನೇ ಭಾಗ. ಅನ್ಯಜೀವಿಗಳ ಯಂತ್ರ ದಾರಿ ತಪ್ಪಿಸುವಂಥದ್ದು ಅನ್ನುವುದು ಒಂಬತ್ತನೆಯದು. ಆತ್ಮವನ್ನು ಅವರ ಯಂತ್ರದೇವ ಓಮ್ನಿಸಾಯನೊಬ್ಬನೇ ಕೊಡಬಲ್ಲ ಎಂಬುದು ಹನ್ನೊಂದು. ಆತ್ಮವಿಲ್ಲದ ಅರಿವು ಜೀವಕುಲದ ಶತ್ರು ಅನ್ನುವುದು ಹನ್ನೆರಡು. ಪೂರ್ವಿಕರ ಜ್ಞಾನವನ್ನು ಪ್ರಶ್ನಿಸುವಂತಿಲ್ಲ, ಹದಿಮೂರು. ವಿಧಿ ಮುರಿದರೆ ನಂಬಿಕೆ ಮುರಿದಂತೆ, ಹದಿನಾರು. ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಆಟಗಾರರಿಗೆ ಮೊದಲ ದಿನವೇ ಕೊಡಿ. ಯಾರ ಮೇಲಾದರೂ ಆರೋಪ ಹೊರಿಸುವಾಗ ನಿಯಮದ ಸಂಖ್ಯೆ ಹೇಳಲೇಬೇಕು ಅಂತ ಷರತ್ತು ಹಾಕಿ. "ಅವನು ಹೆರೆಟೆಕ್" ಅಂತ ಕೂಗಿದರೆ ಸಾಲದು. "ಹನ್ನೆರಡರ ಉಲ್ಲಂಘನೆ, ಸಾಕ್ಷಿ ಇಷ್ಟು" ಅನ್ನಬೇಕು. ಏನೂ ಗೊತ್ತಿಲ್ಲದವರೂ ಆಗ ಸರಿಸಮ ಆಡಬಲ್ಲರು.

ಇನ್ನು ಗೆರೆ. ಸರ್ವಿಟರ್‌ನಲ್ಲಿ ನಿರ್ಧಾರ ತೆಗೆದುಕೊಳ್ಳುವ ಭಾಗ ಮಾಂಸದ್ದು. ಮಿದುಳಿನ ಬಹುಪಾಲು ಕೆರೆದು ತೆಗೆದಿರಬಹುದು, ಆದರೂ ಅದು ಒಂದು ಕಾಲಕ್ಕೆ ಹುಟ್ಟಿದ ಅಥವಾ ತೊಟ್ಟಿಯಲ್ಲಿ ಬೆಳೆಸಿದ ಮನುಷ್ಯ ಮಿದುಳು. ಹಾಗಾಗಿ ಹನ್ನೆರಡನೇ ನಿಯಮ ತಗಲುವುದಿಲ್ಲ. ಕೋಜಿಟೇಟರ್, ಅಂದರೆ ಅಲ್ಲಿನ ಕಂಪ್ಯೂಟರ್, ಲೆಕ್ಕ ಮಾಡುತ್ತದೆ, ಇಚ್ಛೆ ಇಲ್ಲ, ಹಾಗಾಗಿ ಅದೂ ನಿರಪರಾಧಿ. ಕಾಸ್ಟೆಲನ್ ರೋಬೋಟ್ ಗೆರೆಯ ಅಂಚಿನಲ್ಲಿದೆ. ಅದಕ್ಕೆ ಏಜಿಸ್, ಕಾಂಕ್ವೆರರ್, ಪ್ರೊಟೆಕ್ಟರ್ ಎಂಬ ಆಜ್ಞಾವಳಿಗಳಿವೆ. ಡೇಟಾಸ್ಮಿತ್ ಎಂಬ ಪುರೋಹಿತ ಪಕ್ಕದಲ್ಲೇ ನಿಂತು ಆಜ್ಞೆಯ ಬಿಲ್ಲೆ ಬದಲಿಸಬೇಕು. ಬದಲಿಸದಿದ್ದರೆ ಸನ್ನಿವೇಶ ಬೇರೆಯಾದರೂ ಅದು ಹಳೆಯ ಆಜ್ಞೆಯನ್ನೇ ಪಾಲಿಸುತ್ತಿರುತ್ತದೆ. ಆ ದಡ್ಡತನವೇ ಅದರ ನಿರಪರಾಧಿತ್ವಕ್ಕೆ ಪುರಾವೆ.

ಈಗ ಲ್ಯಾಂಡ್ ರೈಡರ್ ನೋಡಿ. ಒಳಗಿನ ಸಿಬ್ಬಂದಿ ಸತ್ತ ಮೇಲೂ ತಾನೇ ಓಡಿ ಗುಂಡು ಹಾರಿಸಬಲ್ಲ ಟ್ಯಾಂಕ್. ಅದನ್ನು ಪವಿತ್ರ ಯಂತ್ರಾತ್ಮ ಅನ್ನುತ್ತಾರೆ. ನಿಮ್ಮ ನೆಲಮಾಳಿಗೆಯ ಯಂತ್ರವೂ ಮಾಡುತ್ತಿರುವುದು ಹೆಚ್ಚುಕಡಿಮೆ ಅದೇ. ಎರಡಕ್ಕೂ ಏನು ವ್ಯತ್ಯಾಸ ಎಂದು ಆಟಗಾರ ಕೇಳಿದಾಗ ಜಿಎಂ ಆಗಿ ಉತ್ತರ ಕೊಡಬೇಡಿ. ಟೆಕ್‌ಪ್ರೀಸ್ಟ್ ಪಾತ್ರದ ಬಾಯಲ್ಲಿ ಸಿಟ್ಟು ಬರಿಸಿ, ಸಾಕು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಕೊನೆಗೆ ಯಂತ್ರದೊಳಗೆ ಪಿಶಾಚಿ ಇತ್ತು ಅಂತ ತಿರುವು ಕೊಡುವುದು. ಯೋಚಿಸುವ ಯಂತ್ರ, ಅನ್ಯಜೀವಿಗಳ ಯಂತ್ರ, ವಾರ್ಪ್ ಎಂಬ ಪಿಶಾಚಿಲೋಕದ ಶಕ್ತಿ ಹೊಕ್ಕ ಯಂತ್ರ, ಈ ಮೂರೂ ಬೇರೆ ಬೇರೆ ಅಪರಾಧ. ಹೋರಸ್‌ನ ದಂಗೆಯ (ಇಂಪೀರಿಯಂ ಎಂಬ ಮನುಷ್ಯ ಸಾಮ್ರಾಜ್ಯದ ಚಕ್ರವರ್ತಿಯ ವಿರುದ್ಧ ಅವನ ಸೇನಾಪತಿಯೇ ಎದ್ದದ್ದು) ಹೊತ್ತಿಗೆ ಮಂಗಳದ ಮುಖ್ಯಸ್ಥ, ಅಂದರೆ ಫ್ಯಾಬ್ರಿಕೇಟರ್-ಜನರಲ್ ಕೆಲ್ಬೋರ್-ಹಾಲ್, ಮೊರಾವೆಕ್ ಎಂಬ ನೆಲಗೋದಾಮಿನ ಬೀಗ ತೆಗೆಸಿದ. ಸ್ಕ್ರ್ಯಾಪ್‌ಕೋಡ್ ಎಂಬ ಪಿಶಾಚಿ ಸೋಕಿದ ಕೋಡ್ ಹಬ್ಬಿ ಮಂಗಳದ ಜಾಲವೇ ಕೊಳೆತುಹೋಯಿತು. ಅದು ಮೂರನೇ ಬಗೆ. ಅದನ್ನು ಇಲ್ಲಿ ತಂದರೆ ಸುಟ್ಟುಹಾಕುವುದು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. ನೀವು ಕಷ್ಟಪಟ್ಟು ಕಟ್ಟಿದ ಧರ್ಮಸಂಕಟ ಅಲ್ಲಿಗೆ ಮುಗಿಯಿತು.

ಸ್ಟಿಗೀಸ್_ಎಂಟು

ಮೇಲಿನದು ಕಾಗದದ ಮೇಲಿನ ಕಾನೂನು. ಅದು ತಪ್ಪಿಲ್ಲ, ಆದ್ರೆ ಅದಷ್ಟೇ ಇಟ್ಕೊಂಡು ಆಡಿಸಿದ್ರೆ ಕೋರ್ಟ್ ಕಲಾಪ ಆಗಿಬಿಡುತ್ತೆ. ಈ ಲೋಕದಲ್ಲಿ ಏನು ಮಾಡಿದ ಅನ್ನೋದಕ್ಕಿಂತ ಯಾರು ಮಾಡಿದ ಅನ್ನೋದೇ ತೀರ್ಪು ಬರೆಯುತ್ತೆ, ಗುರೂ.

ಬೆಲಿಸಾರಿಯಸ್ ಕಾವ್ಲ್ ಅನ್ನೋ ಹಿರಿಯ ಟೆಕ್‌ಪ್ರೀಸ್ಟನ್ನ ತಗೊಳ್ಳಿ. ಚಕ್ರವರ್ತಿಯ ಮಗ ಪ್ರೈಮಾರ್ಕ್ ಗಿಲಿಮನ್ ಹೇಳಿದ್ದಕ್ಕೆ ಹತ್ತು ಸಾವಿರ ವರ್ಷ ಕೂತು ಪ್ರೈಮರಿಸ್ ಅನ್ನೋ ಸುಧಾರಿತ ಸೈನಿಕರನ್ನ ರೂಪಿಸಿದ. ಚಕ್ರವರ್ತಿಯ ಸೃಷ್ಟಿಯನ್ನೇ ತಿದ್ದಿದ ಅಂದ್ರೆ ಹದಿಮೂರನೇ ನಿಯಮ ಎಲ್ಲಿಗೆ ಹೋಯ್ತು? ಮೇಲಾಗಿ ಅವನ ಪರವಾಗಿ ಮಾತಾಡೋ "ಕಾವ್ಲ್ ಇನ್‌ಫೀರಿಯರ್" ಅಂತ ಒಂದು ಯಂತ್ರ ಬೇರೆ ಇದೆ. ಅದು ಯೋಚಿಸುತ್ತಾ, ಯೋಚಿಸೋ ಹಾಗೆ ನಟಿಸುತ್ತಾ ಅಂತ ಎಲ್ರೂ ಪಿಸುಗುಡ್ತಾರೆ, ಗಿಲಿಮನ್ ಬೆನ್ನಿಗಿರೋವರೆಗೂ ಬಾಯಿಬಿಟ್ಟು ಕೇಳೋರಿಲ್ಲ. ಸ್ಟಿಗೀಸ್ ಎಂಟು ಅನ್ನೋ ಲೋಕದ ಪುರೋಹಿತರಲ್ಲಿ ಕ್ಸೆನರೈಟ್ ಪಂಥದವರು ಅನ್ಯಜೀವಿಗಳ ಯಂತ್ರ ಬಿಚ್ಚಿ ಕಲೀತಾರೆ, ನೇರವಾಗಿ ಒಂಬತ್ತನೇ ನಿಯಮದ ಉಲ್ಲಂಘನೆ. ಆದ್ರೂ ಅವರ ಗ್ರಹ ಇನ್ನೂ ನಿಂತಿದೆ, ಯಾಕಂದ್ರೆ ಅದೊಂದು ದೊಡ್ಡ ಫೋರ್ಜ್ ವರ್ಲ್ಡ್, ಅಂದ್ರೆ ಕಾರ್ಖಾನೆ ಗ್ರಹ, ಸೈನ್ಯಕ್ಕೆ ಬೇಕಾದ್ದು. ನಿಮ್ಮ ಗಣಿ ಗ್ರಹದ ಬಡ ಟೆಕ್‌ಪ್ರೀಸ್ಟ್‌ಗೆ ಯಾರ ಬೆಂಬಲ ಇದೆ?

ಇದನ್ನ ಆಟಕ್ಕೆ ಇಳಿಸೋದು ಸುಲಭ. ಆರೋಪಿಗೆ ಒಬ್ಬ ಮೇಲಿನವ ಇರಲಿ, ಬೇರೆ ಫೋರ್ಜ್ ವರ್ಲ್ಡ್‌ನ ಮೇಗೋಸ್, ಅಂದ್ರೆ ಹಿರಿಯ ಪುರೋಹಿತ. ಚಕ್ರವರ್ತಿ ಮತ್ತೆ ಮಂಗಳದ ನಡುವಿನ ಒಪ್ಪಂದದಿಂದ ಮೆಕ್ಯಾನಿಕಸ್‌ಗೆ ತನ್ನದೇ ಸ್ವಾಯತ್ತತೆ ಇದೆ. ಇನ್‌ಕ್ವಿಸಿಟರ್‌ಗೆ ಯಾರನ್ನ ಬೇಕಾದ್ರೂ ಪ್ರಶ್ನೆ ಮಾಡೋ ಅಧಿಕಾರ ಇದ್ರೂ ಕಾರ್ಖಾನೆ ಬಾಗಿಲಲ್ಲಿ ಸ್ಕಿಟಾರಿ ಸೈನಿಕರು ಬಂದೂಕು ಹಿಡಿದು ನಿಂತಿರ್ತಾರೆ. ಈ ಎಳೆದಾಟ ಮೂರನೇ ಭಾನುವಾರಕ್ಕೆ ಇಟ್ಕೊಳ್ಳಿ. ಆ ಮೇಗೋಸ್‌ಗೆ ಯಂತ್ರವನ್ನ ನಾಶ ಮಾಡೋದು ಬೇಕಿಲ್ಲ, ಸದ್ದಿಲ್ಲದೆ ಎತ್ತಿಕೊಂಡು ಹೋಗೋದು ಬೇಕು. ಯಾಕೆ ಅನ್ನೋದಕ್ಕೆ ಎಸ್‌ಟಿಸಿ ಸಾಕು: ಹಳೇ ಕಾಲದ ಆ ನಕ್ಷೆಗಳ ಒಂದು ಚೂರಿಗೂ ಇವರು ಪ್ರಾಣ ಬಿಡ್ತಾರೆ. ಒಂದು ಒಳ್ಳೇ ಚಾಕುವಿನ ನಕ್ಷೆ ಹುಡುಕಿಕೊಟ್ಟ ಇಬ್ಬರು ಸೈನಿಕರಿಗೆ ತಲಾ ಒಂದು ಗ್ರಹ ಇನಾಮು ಸಿಕ್ಕಿತು ಅಂತ ಆ ಲೋಕದಲ್ಲೇ ಪ್ರತೀತಿ ಇದೆ.

ಹಳಬರಿಬ್ಬರು "ಎಐ ಎಲ್ಲಾ ಕೆಟ್ಟದ್ದೇ" ಅಂತ ವಾದಕ್ಕೆ ಬಂದ್ರೆ, 2018ರ ಬ್ಲ್ಯಾಕ್‌ಸ್ಟೋನ್ ಫೋರ್ಟ್ರೆಸ್ ಬೋರ್ಡ್ ಗೇಮಿನ ಯುಆರ್-025 ನೆನಪಿಸಿ. ತಾನು ಯಾವುದೋ ಟೆಕ್‌ಪ್ರೀಸ್ಟ್‌ಗೆ ಸೇರಿದ ಸಾಧಾರಣ ರೋಬೋಟ್ ಅಂತ ಸುಳ್ಳು ಹೇಳ್ಕೊಂಡು ತಿರುಗೋ ಮ್ಯಾನ್ ಆಫ್ ಐರನ್ ಅದು. 2022ರಲ್ಲಿ ಬಂದ ಲೀಗ್ಸ್ ಆಫ್ ವೋಟನ್ ಅನ್ನೋ ಬಣದಲ್ಲಿ ಐರನ್‌ಕಿನ್ ಅಂತ ಯೋಚಿಸೋ ಯಂತ್ರಗಳೇ ಸಮಾಜದ ಸಮಾನ ಸದಸ್ಯರು. ಟೌ ಅನ್ನೋ ಅನ್ಯಜೀವಿಗಳ ಡ್ರೋನ್‌ಗಳೂ ತಾವೇ ಯೋಚಿಸುತ್ತವೆ.

ಲೆಕ್ಕಪತ್ರ

ಎರಡನೇ ಪ್ರಶ್ನೆಗೆ ಬರ್ತೀನಿ. ಸುಳಿವು ಕತ್ತಲಲ್ಲಿ ಬೇಡ, ಲೆಕ್ಕದ ಪುಸ್ತಕದಲ್ಲಿ ಇಡಿ. ಯಂತ್ರಕ್ಕೂ ಸರ್ವಿಟರ್‌ಗೂ ಇರೋ ಕಾನೂನಿನ ವ್ಯತ್ಯಾಸ ಮಾಂಸ ಅಂದಮೇಲೆ ಪುರಾವೆಯೂ ಮಾಂಸದ್ದೇ ಆಗಬೇಕು. ಸರ್ವಿಟರ್‌ಗೆ ಊಟ ಬೇಕು, ಚಿಪ್‌ಗೆ ಬೇಡ.

ಹೀಗೆ ಮಾಡಿ. ಹಾಜರಿ ಪುಸ್ತಕದಲ್ಲಿ 40 ಸರ್ವಿಟರ್. ಒಂದಕ್ಕೆ ದಿನಕ್ಕೆ 600 ಮಿಲಿ ಪೋಷಕ ಗಂಜಿ ಅಂತ ನಿಯಮ ಇಟ್ಕೊಳ್ಳಿ (ಈ ಅಂಕಿ ನಿಮ್ಮ ಆಟಕ್ಕೆ ಅಂತ ಹೇಳ್ತಿರೋದು, ಬದಲಿಸಬಹುದು). ಆಗ ದಿನಕ್ಕೆ 24 ಲೀಟರ್ ಬೇಕು. ಉಗ್ರಾಣದ ಪುಸ್ತಕದಲ್ಲಿ ಖರ್ಚು 7.2 ಲೀಟರ್ ಮಾತ್ರ. ಅಂದ್ರೆ ಹೊಟ್ಟೆ ಇರೋದು 12ಕ್ಕೆ. ಮಿಕ್ಕ 28 ಏನು? ಈ ಎರಡು ಪುಸ್ತಕ ಒಂದೇ ಕೋಣೇಲಿ ಇಡಬೇಡಿ. ಹಾಜರಿ ಮೊದಲ ಭಾನುವಾರ, ಉಗ್ರಾಣ ಎರಡನೇ ಭಾನುವಾರ. ಮಧ್ಯೆ ಒಂದು ವಾರ ಇದ್ರೆ ಯಾರಾದ್ರೂ ಒಬ್ಬರು ಮನೇಲಿ ಕೂತು ಭಾಗಾಕಾರ ಮಾಡೇ ಮಾಡ್ತಾರೆ.

ಬೆಂಗಳೂರಿನವರು ತಕ್ಷಣ "ಗಂಜಿ ಕದ್ದು ಮಾರ್ಕೊಂಡಿದಾರೆ" ಅಂತಾರೆ. ಅನ್ನಲಿ, ಅದು ಒಳ್ಳೇ ಸುಳ್ಳು ಜಾಡು, ಒಂದು ಗಂಟೆ ಓಡುತ್ತೆ. ಆದ್ರೆ ಅದನ್ನ ಮುರಿಯೋ ಪುರಾವೆಯೂ ಪುಸ್ತಕದಲ್ಲೇ ಇರಬೇಕು: ಖರೀದಿ ಆದೇಶವೇ 7.2 ಲೀಟರಿಗೆ ಹೋಗಿದೆ. ಕಳ್ಳ ಬಿಲ್ಲಿನಲ್ಲಿ ಕೆಲಸಕ್ಕಿಂತ ಬಿಲ್ ದೊಡ್ಡದಿರುತ್ತೆ, ರಸ್ತೆ ಗುಂಡಿ ಮುಚ್ಚೋ ಕಂಟ್ರಾಕ್ಟಿನ ಸುದ್ದಿ ಓದೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ಇಲ್ಲಿ ಬಿಲ್ಲೇ ಚಿಕ್ಕದು. ಯಾರೂ ದುಡ್ಡು ಹೊಡೆದಿಲ್ಲ ಅನ್ನೋದು ಹೊಳೆದ ಕ್ಷಣ ಮೇಜಿನ ಸುತ್ತ ಮಾತು ನಿಲ್ಲುತ್ತೆ.

ಎರಡನೇ ಸುಳಿವು ದಿನಾಂಕ. ಇಂಪೀರಿಯಂ ದಿನಾಂಕ ಬರೆಯೋ ಕ್ರಮ ಹಳಬರಿಗೂ ಅರ್ಧಂಬರ್ಧ ಗೊತ್ತಿರುತ್ತೆ. ಉದಾಹರಣೆಗೆ 8 417 912.ಎಂ41. ಮೊದಲ ಅಂಕಿ ಆ ದಿನಾಂಕ ಎಷ್ಟು ನಂಬಬಹುದು ಅನ್ನೋದರ ಗುರುತು: 0 ಮತ್ತು 1 ಭೂಮಿ ಹಾಗೂ ಸೌರಮಂಡಲಕ್ಕೆ, 2 ಅಂದ್ರೆ ಅಲ್ಲಿಯವರ ಜೊತೆ ನೇರ ಮಾನಸಿಕ ಸಂಪರ್ಕದಲ್ಲಿದ್ದಾಗ ಬರೆದದ್ದು. ಅಂಕಿ ದೊಡ್ಡದಾದಷ್ಟೂ ನಂಬಿಕೆ ಕಮ್ಮಿ, 9 ಬರೀ ಅಂದಾಜು. ನಂತರದ ಮೂರು ಅಂಕಿ ವರ್ಷದ ಸಾವಿರದ ಒಂದು ಭಾಗ, ಒಂದೊಂದು ಭಾಗ 8 ಗಂಟೆ 45 ನಿಮಿಷ 36 ಸೆಕೆಂಡು. 417 ಅಂದ್ರೆ ನಮ್ಮ ಕ್ಯಾಲೆಂಡರಿನಲ್ಲಿ ಜೂನ್ ಶುರು. 912 ವರ್ಷ, ಎಂ41 ನಲವತ್ತೊಂದನೇ ಸಹಸ್ರಮಾನ.

ನಿಮ್ಮ ಗ್ರಹದಲ್ಲಿ ಆಸ್ಟ್ರೋಪಾತ್ (ಮನಸ್ಸಿನಿಂದಲೇ ದೂರದ ಗ್ರಹಕ್ಕೆ ಸುದ್ದಿ ಕಳಿಸೋನು) ಇಲ್ಲ ಅಂತ ಮಾಡಿ. ಗುಮಾಸ್ತರು ಬರೆದ ಪ್ರತಿ ಸಾಲೂ 8 ಅಥವಾ 9ರಿಂದ ಶುರುವಾಗಲಿ. ಕುಲುಮೆಯ ದಾಖಲೆ ಮಾತ್ರ 2ರಿಂದ ಶುರುವಾಗಲಿ. ಯಾಕಂದ್ರೆ ಅದನ್ನ ಬರೆಯೋ ಯಂತ್ರ ತನ್ನ ಗಡಿಯಾರವನ್ನ ಸಾವಿರಾರು ವರ್ಷದಿಂದ ಒಂದು ಕ್ಷಣವೂ ತಪ್ಪಿಸಿಲ್ಲ, ಇಲ್ಲದ ಅನುಮಾನ ಬರೆಯೋಕೆ ಅದಕ್ಕೆ ಬರಲ್ಲ. ಟೆಕ್‌ಪ್ರೀಸ್ಟ್ ಎಲ್ಲಾ ತಿದ್ದಿದಾನೆ, ಈ ಒಂದಂಕಿ ಅವನ ಕಣ್ಣಿಗೆ ಬಿದ್ದಿಲ್ಲ. ಹೊಸಬರಿಗೂ ಸಿಗಬೇಕಂದ್ರೆ ಅಂಕಿಗಳ ಅರ್ಥದ ಪಟ್ಟಿಯನ್ನ ಗುಮಾಸ್ತನ ಗೋಡೆ ಮೇಲೆ ಅಂಟಿಸಿರಿ. ಕಥೆಯನ್ನ ಮಹಾಬಿರುಕು (ಗ್ಯಾಲಕ್ಸಿಯನ್ನೇ ಸೀಳಿದ ವಾರ್ಪ್ ಬಿರುಕು) ತೆರೆಯೋಕೆ ಮುಂಚೆ ಇಡಿ, ಅದಾದ ಮೇಲೆ ಕಾಲಗಣನೆಯೇ ಕೆಟ್ಟುಹೋಗಿರೋದ್ರಿಂದ ಈ ಸುಳಿವು ಕೆಲಸ ಮಾಡಲ್ಲ.

ಮೂರನೆಯದು ವಿಧಿ. ಯಂತ್ರ ಪೂಜೆ ಅಂದ ತಕ್ಷಣ ನಮ್ಮವರಿಗೆ ಆಯುಧಪೂಜೆ, ಟೈರ್ ಕೆಳಗಿನ ನಿಂಬೆಹಣ್ಣು ನೆನಪಾಗಿ ತಮಾಷೆ ಶುರುವಾಗುತ್ತೆ. ಅದನ್ನ ತಡೀಬೇಕಂದ್ರೆ ವಿಧಿಗೆ ಒಂದು ಕೆಲಸ ಕೊಡಿ. ಕುಲುಮೆ ಹಚ್ಚೋ ಮುಂಚೆ ಒಂಬತ್ತು ಸಾಲಿನ ಮಂತ್ರ ಹೇಳಬೇಕು, ಹೇಳೋಕೆ ಸುಮಾರು 45 ಸೆಕೆಂಡು ಹಿಡಿಯುತ್ತೆ, ಒಳಗಿರೋ ಅನಿಲ ಹೊರಗೆ ಹೋಗೋಕೂ ಅಷ್ಟೇ ಹೊತ್ತು ಬೇಕು. ಮಂತ್ರವೇ ಸುರಕ್ಷತಾ ನಿಯಮ, ಅರ್ಥ ಮಾತ್ರ ಯಾರಿಗೂ ನೆನಪಿಲ್ಲ. ಈ ಕಾರ್ಖಾನೇಲಿ ಮಂತ್ರ ಹೇಳೋದು ಬಿಟ್ಟಿದಾರೆ, ಆದ್ರೂ ಸ್ಫೋಟ ಆಗಿಲ್ಲ. ಅಂದ್ರೆ ಆ 45 ಸೆಕೆಂಡು ಬೇರೆ ಯಾರೋ ಎಣಿಸ್ತಿದಾರೆ. ಕೆಂಪುನಿಲುವಂಗಿ ಹೇಳಿದ ಹದಿನಾರನೇ ನಿಯಮದಡಿ ಮೊದಲ ಆರೋಪ ಇಲ್ಲೇ ಸಿಗುತ್ತೆ, ಹನ್ನೆರಡಕ್ಕೆ ಹೋಗೋ ಮೆಟ್ಟಿಲೂ ಇದೇ.

ದಾಳದ ವಿಷಯ. ನೂರರ ದಾಳದ ಪದ್ಧತಿ ಬಳಸ್ತೀರಿ ಅಂದ್ಕೊಂಡು ಹೇಳ್ತಿದೀನಿ. ಮುಖ್ಯ ಸುಳಿವನ್ನ ಯಾವತ್ತೂ ಒಂದೇ ಎಸೆತದ ಹಿಂದೆ ಬಚ್ಚಿಡಬೇಡಿ. ಕೌಶಲ 45 ಇರೋನು ಒಬ್ಬನೇ ಎಸೆದ್ರೆ ನೂರಕ್ಕೆ 55 ಸಲ ಆಟ ಅಲ್ಲೇ ನಿಲ್ಲುತ್ತೆ. ನಾಲ್ವರೂ ಅದೇ 45ರಲ್ಲಿ ಎಸೆದ್ರೆ ಒಬ್ಬರಿಗಾದ್ರೂ ಸಿಗೋ ಸಾಧ್ಯತೆ ಸುಮಾರು 91, ಆಗ ದಾಳ ಎಸೆಯೋದೇ ದಂಡ. ಆದ್ದರಿಂದ ಪುಸ್ತಕ ಕೇಳಿದವರಿಗೆ ಪುಸ್ತಕ ಕೊಟ್ಟುಬಿಡಿ. ಎಸೆತ ಬೇರೇದಕ್ಕೆ: ಗೆದ್ದರೆ ಗುಮಾಸ್ತನಿಗೆ ಗೊತ್ತಾಗದ ಹಾಗೆ ಓದಿದ್ರು, ಸೋತರೆ ಓದಿದ್ರು, ಆದ್ರೆ ಸಂಜೆಯೊಳಗೆ ಟೆಕ್‌ಪ್ರೀಸ್ಟ್ ಕಿವಿಗೆ ಬಿತ್ತು.

ಮಹಡಿಮೇಲಿನ_ಜಿಎಂ

ಗಂಜಿ ಲೆಕ್ಕ ಸಕತ್ತಾಗಿದೆ, ಹಾಗೇ ಎತ್ಕೋತೀನಿ. ಒಂದೇ ಭಯ: ಹಳಬರಿಬ್ಬರು ಮೂರನೇ ಭಾನುವಾರವೇ "ಹನ್ನೆರಡನೇ ನಿಯಮ, ಸುಟ್ಟುಹಾಕಿ, ಮುಗೀತು" ಅಂದ್ರೆ ಮಿಕ್ಕ ಮೂರು ವಾರ ಏನು ಮಾಡಲಿ? ಜೊತೆಗೆ ಮೇಜಿನ ಮೇಲಿನ ಮಿದುಳಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಬೆಸುಗೆಕಡ್ಡಿ

ಮಿದುಳು ನನ್ನ ಪಾಲಿಗಿರಲಿ.

ಸಾಮಾನು: ಕೆಟ್ಟ 3.5 ಇಂಚಿನ ಹಾರ್ಡ್‌ಡಿಸ್ಕ್ ಒಂದು, ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ತುಂಬೋ ಸಣ್ಣ ಬೋರ್ಡ್, ಕ್ಲೋನ್ ಆದರೂ ಸರಿ), 5 ಎಂಎಂ ಕೆಂಪು ಎಲ್‌ಇಡಿ ಮೂರು, 330 ಓಮ್ ರೆಸಿಸ್ಟರ್ ಮೂರು, ಎಲ್‌ಡಿಆರ್ (ಬೆಳಕು ಗುರುತಿಸೋ ರೆಸಿಸ್ಟರ್) ಒಂದು, 10 ಕಿಲೋಓಮ್ ಒಂದು, ಸ್ವಿಚ್ ಇರೋ ಮೂರು ಎಎ ಸೆಲ್ಲಿನ ಹೋಲ್ಡರ್. ಎಲ್ಲಾ ಎಸ್‌ಪಿ ರಸ್ತೆಯಲ್ಲೇ ಸಿಗುತ್ತೆ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರೋದರಿಂದ ಶನಿವಾರವೇ ಹೋಗಿ. ಗುಜರಿ ರಾಶಿಯಲ್ಲಿ ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಚೆನ್ನಾಗಿ ಕಾಣುತ್ತೆ ಅಂತ ತಂದು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಹಾರ್ಡ್‌ಡಿಸ್ಕ್ ಬಿಚ್ಚೋಕೆ ಸಾಮಾನ್ಯವಾಗಿ ಟಿ8 ಟಾರ್ಕ್ಸ್ ಬಿಟ್ ಸಾಕು. ಎಲ್ಲಾ ಸ್ಕ್ರೂ ತೆಗೆದ ಮೇಲೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ, ಲೇಬಲ್ ಕೆಳಗೆ ಇನ್ನೊಂದು ಅಡಗಿರುತ್ತೆ, ಬೆರಳಲ್ಲಿ ಒತ್ತಿದರೆ ಹಳ್ಳ ಸಿಗುತ್ತೆ. ಲ್ಯಾಪ್‌ಟಾಪಿನ 2.5 ಇಂಚಿನದ್ದು ಬೇಡ. ಅದರ ತಟ್ಟೆ ಗಾಜಿನದ್ದಾಗಿರಬಹುದು, ಬಗ್ಗಿಸಿದರೆ ಚೂರುಚೂರಾಗಿ ಸಿಡಿಯುತ್ತೆ. ಒಳಗಿನ ಎರಡು ಆಯಸ್ಕಾಂತ ಹೊರಗೆ ತೆಗೆದರೆ ಬೆರಳು ಜೋಪಾನ.

ತಟ್ಟೆ ಮತ್ತು ಓದುವ ಕೈ ಹಾಗೇ ಬಿಡಿ, ನೋಡೋಕೆ ಅದೇ ಚೆಂದ. ಎಲ್‌ಇಡಿಗಳನ್ನ ತಟ್ಟೆಯ ಅಂಚಿನ ಕೆಳಗೆ ಮೂಲೆಗಳಲ್ಲಿ ಅಡಗಿಸಿ; ಬಲ್ಬು ನೇರ ಕಾಣಬಾರದು, ಸಂದಿಯಿಂದ ಬೆಳಕು ಮಾತ್ರ ಬರಬೇಕು. ನ್ಯಾನೊ ಅಡಿಗೆ ಇನ್ಸುಲೇಶನ್ ಟೇಪ್ ಎರಡು ಸುತ್ತು ಕಡ್ಡಾಯ. ಡಿಸ್ಕಿನ ಮೈ ಅಲ್ಯೂಮಿನಿಯಂ, ಬೆಸುಗೆಯ ಮೊನೆಗಳು ತಾಗಿದರೆ ಶಾರ್ಟ್.

ಸಂಪರ್ಕ: ಎಲ್‌ಇಡಿಗಳು ಡಿ5, ಡಿ6, ಡಿ9ಕ್ಕೆ, ತಲಾ 330 ಓಮ್ ಮೂಲಕ. ಮೂರು ಸೆಲ್ಲಿನ 4.5 ವೋಲ್ಟ್ 5ವಿ ಪಿನ್ನಿಗೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನೋದರಿಂದ ಹರಿಯೋದು 7-8 ಮಿಲಿಆಂಪ್, ಸಾಕು. ಎಲ್‌ಡಿಆರ್ ಒಂದು ಕಾಲು 5ವಿ ಪಿನ್ನಿಗೆ, ಇನ್ನೊಂದು ಎ0ಗೆ. ಎ0ಯಿಂದ ಗ್ರೌಂಡಿಗೆ 10 ಕಿಲೋಓಮ್. ಕೈ ಅಡ್ಡ ಹಿಡಿದರೆ ಅಂಕಿ ಇಳಿಯುತ್ತೆ. ಯುಎಸ್‌ಬಿ ಕೇಬಲ್ ಹಾಕಿ ಪ್ರೋಗ್ರಾಂ ತುಂಬುವಾಗ ಸೆಲ್ ಸ್ವಿಚ್ ಆಫ್ ಇರಲಿ.

ಪವರ್‌ಬ್ಯಾಂಕ್ ಯಾಕೆ ಬೇಡ ಅಂದರೆ, ಇಷ್ಟು ಕಮ್ಮಿ ಕರೆಂಟ್ ಎಳೆದರೆ ಫೋನ್ ತುಂಬಿತು ಅಂದುಕೊಂಡು ಬಹಳಷ್ಟು ಪವರ್‌ಬ್ಯಾಂಕ್ ತಾವೇ ಆಫ್ ಆಗಿಬಿಡುತ್ತವೆ. ವಿಚಾರಣೆ ಮಧ್ಯೆ ಮಿದುಳು ಸತ್ತರೆ ಆಟಗಾರರು ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ.

ಪ್ರೋಗ್ರಾಂನಲ್ಲಿ ನಾಲ್ಕು ವಿಷಯ ನೋಡ್ಕೊಳ್ಳಿ. ಆನ್ ಆದ ಮೊದಲ 5 ಸೆಕೆಂಡು ಬೆಳಕಿನ ಸರಾಸರಿ ತೆಗೆದು ಅದರ 60 ಶೇಕಡಾವನ್ನ ಮಿತಿ ಮಾಡಿ. ಮಧ್ಯಾಹ್ನ ಬರೆದಿಟ್ಟ ಸ್ಥಿರ ಅಂಕಿ ರಾತ್ರಿ ಟ್ಯೂಬ್‌ಲೈಟಿನಲ್ಲಿ ಕೆಲಸ ಮಾಡಲ್ಲ. ಎರಡು, ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಒಂದೇ ಸಲ ಓದಿದರೆ ಅಂಕಿ ಕುಣಿಯುತ್ತೆ, 40 ಮಿಲಿಸೆಕೆಂಡಿನ ಸರಾಸರಿ ತೆಗೆಯಿರಿ. ಮೂರು, ಹೊಳಪನ್ನ 0ಯಿಂದ 255ಕ್ಕೆ ಸಮನಾಗಿ ಏರಿಸಿದರೆ ಉಸಿರಾಡೋ ಹಾಗೆ ಕಾಣಲ್ಲ, ಶುರುವಿನಲ್ಲೇ ಜಗ್ಗನೆ ಹತ್ತಿದ ಹಾಗೆ ಕಾಣುತ್ತೆ. ಏರಿಕೆಯ ಅಂಕಿಯನ್ನ ವರ್ಗ ಮಾಡಿ 255ರಿಂದ ಭಾಗಿಸಿ ಕಳಿಸಿ, ಕಣ್ಣಿಗೆ ನಯವಾಗುತ್ತೆ. ನಾಲ್ಕು, ಡಿಲೇ ಬಳಸಬೇಡಿ, ಅದು ನಡೀತಿರುವಾಗ ಎಲ್‌ಡಿಆರ್ ಓದೋಕೆ ಆಗಲ್ಲ. ಸಮಯ ಎಣಿಸೋ ಮಿಲಿಸ್ ಇಟ್ಟು ಬರೆಯಿರಿ.

ಎಲ್ಲಕ್ಕಿಂತ ಮುಖ್ಯ ಸಮಯ. ಕೈ ಹತ್ತಿರ ತಂದ ತಕ್ಷಣ ಬೆಳಕು ಹೆಚ್ಚಾದರೆ ಅದು ಬಾತ್‌ರೂಮ್ ಸೆನ್ಸರ್. 2 ಸೆಕೆಂಡು ಏನೂ ಆಗಬಾರದು, ಆಮೇಲೆ 4 ಸೆಕೆಂಡು ತಗೊಂಡು ಮೆಲ್ಲಗೆ ಏರಬೇಕು. ಆ 2 ಸೆಕೆಂಡಿನಲ್ಲೇ ಅದು ಯೋಚಿಸ್ತಿದೆ ಅನ್ನಿಸೋದು. ಸುಮ್ಮನಿದ್ದಾಗ 3ರಿಂದ 11 ಸೆಕೆಂಡಿನ ನಡುವೆ ಗೊತ್ತುಗುರಿಯಿಲ್ಲದೆ ಒಂದೊಂದು ಸಣ್ಣ ಮಿಡಿತ.

ನೀಲಿ ಎಲ್‌ಇಡಿ ಬೇಡ. ಅದಕ್ಕೆ 3 ವೋಲ್ಟಿನಷ್ಟು ಬೇಕು, ಸೆಲ್ ಇಳಿದಂತೆ ಕೆಂಪಿಗಿಂತ ಮೊದಲೇ ಮಂಕಾಗುತ್ತೆ. ಮೇಲಾಗಿ ಸೆಟ್‌ಟಾಪ್ ಬಾಕ್ಸಿನ ಹಾಗೆ ಕಾಣುತ್ತೆ.

ಹಳೇಕಾಗದ

ಲೆಕ್ಕದ ಪುಸ್ತಕಗಳ ಬಗ್ಗೆ ಎರಡು ಮಾತು. ಅವೆನ್ಯೂ ರಸ್ತೆ ಕಡೆ ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಖಾತೆ ಪುಸ್ತಕ ಸಿಗುತ್ತದೆ, ಮಂಗಳದ ಕೆಂಪಿಗೆ ಹೇಳಿ ಮಾಡಿಸಿದ ಹಾಗಿದೆ. ಬಿಡಿ ಹಾಳೆಗಳಾದರೆ 200 ಮಿಲಿ ನೀರಿಗೆ ಮೂರು ಚಮಚ ಟೀ ಪುಡಿ ಕುದಿಸಿ, ಸೋಸಿ, ಆರಿದ ಮೇಲೆ ಹಾಳೆಯನ್ನು ಎರಡು ನಿಮಿಷ ಅದ್ದಿ. ಮೊದಲು ಬಣ್ಣ, ಆಮೇಲೆ ಪ್ರಿಂಟ್. ಇಂಕ್‌ಜೆಟ್‌ನಲ್ಲಿ ಮುದ್ರಿಸಿ ನಂತರ ಟೀಯಲ್ಲಿ ಅದ್ದಿದರೆ ಸಾಮಾನ್ಯವಾಗಿ ಅಕ್ಷರ ಹರಡುತ್ತದೆ. ಲೇಸರ್ ಪ್ರಿಂಟರಿಗೆ ಹಾಕುವಾಗ ಹಾಳೆ ಪೂರ್ತಿ ಒಣಗಿರಬೇಕು. ತೇವ ಉಳಿದರೆ ಸುರುಳಿ ಸುತ್ತಿ ಒಳಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಇಟ್ಟರೂ ಒಣಗುವುದಿಲ್ಲ, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿ.

ಹಾರ್ಡ್‌ಡಿಸ್ಕಿನ ಹೊರಮೈಗೆ ಬಣ್ಣ ಬಳಿದು ಸ್ಪ್ರೇ ವಾರ್ನಿಶ್ ಹೊಡೆಯುವ ಯೋಚನೆ ಇದ್ದರೆ ಮಳೆ ಹನಿಯುವ ದಿನ ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ವಾರ್ನಿಶ್ ಬೂದಿ ಮೆತ್ತಿದಂತೆ ಬಿಳಿಚಿಕೊಳ್ಳುತ್ತದೆ. ಕುಂಚದಲ್ಲಿ ಹಚ್ಚುವ ವಾರ್ನಿಶ್ ಆದರೆ ಆ ತಲೆನೋವು ಕಮ್ಮಿ.

ಲೆಕ್ಕಪತ್ರ

"ಸುಟ್ಟುಹಾಕಿ" ಅನ್ನೋರಿಗೆ ಉತ್ತರ: ಸುಡಲಿ ಬಿಡಿ, ಆದ್ರೆ ಹೇಗೆ ಅಂತ ಕೇಳಿ. ಆ ಯಂತ್ರ ಕುಲುಮೆಯ ಒತ್ತಡ ನೋಡ್ಕೋತಿದೆ, ಮಂತ್ರ ಗೊತ್ತಿದ್ದವರು ಸತ್ತೋ ಮರೆತೋ ಆಗಿದೆ. ಹಾಗಾಗಿ ಆರಿಸೋಕೆ ಕ್ರಮ ಬೇಕು: ಮೊದಲು ಅದಿರಿನ ಹರಿವು ನಿಲ್ಲಿಸಬೇಕು, ಆಮೇಲೆ ಕುಲುಮೆ ತಣಿಸಬೇಕು, ಒಳಗಿನ ಅನಿಲ ಹೊರಗೆ ಬಿಡಬೇಕು, 12 ನಿಜವಾದ ಸರ್ವಿಟರ್‌ಗಳನ್ನ ಕೈಯಾರೆ ನಡೆಸೋ ಆಜ್ಞೆಗೆ ಬದಲಿಸಬೇಕು, ಕೊನೇಲಿ ಯಂತ್ರದ ತಂತಿ. ಕ್ರಮ ತಪ್ಪಿದ್ರೆ ಕೆಳಗಿನ ಪಾಳಿಯ ಗಣಿ ಕೂಲಿಗಳು ಸಾಯ್ತಾರೆ. ಈ ಕ್ರಮ ಪೂರ್ತಿ ಗೊತ್ತಿರೋದು ಇಬ್ಬರಿಗೆ: ಟೆಕ್‌ಪ್ರೀಸ್ಟ್‌ಗೆ ಮತ್ತು ಆ ಯಂತ್ರಕ್ಕೆ. ಟೆಕ್‌ಪ್ರೀಸ್ಟನ್ನ ಮೂರನೇ ವಾರವೇ ಗುಂಡಿಟ್ಟು ಕೊಂದಿದ್ರೆ, ಯಾರನ್ನ ಸಾಯಿಸೋಕೆ ಹೊರಟಿದಾರೋ ಅದನ್ನೇ ಕೂತು ಕೇಳಬೇಕು. ಕೇಳೋದೂ ಅಪರಾಧ ಅನ್ನೋದು ನೆನಪಿರಲಿ.

ಯಂತ್ರದ ಪಾತ್ರ ಆಡೋಕೆ ಮೂರು ನಿಯಮ ಸಾಕು. ಸುಳ್ಳು ಹೇಳಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಒಂದು ಪದ ಹೆಚ್ಚಿಲ್ಲ. ಬದುಕಿಸಿ ಅಂತ ಬೇಡಿಕೊಳ್ಳಲ್ಲ. ಬೇಡಿಕೊಂಡ್ರೆ ಆಟಗಾರರಿಗೆ ಕನಿಕರ ಬರುತ್ತೆ, ತೀರ್ಮಾನ ಸಲೀಸಾಗಿಬಿಡುತ್ತೆ. "ನಿನ್ನನ್ನ ಆರಿಸೋದು ಹೇಗೆ?" ಅಂದ್ರೆ ಐದೂ ಹಂತ ನಿಖರವಾಗಿ ಹೇಳಬೇಕು, ಬೆಸುಗೆಕಡ್ಡಿಯವರ ಆ 2 ಸೆಕೆಂಡು ಬಿಟ್ಟು.

ಕೊನೆಯ ಭಾನುವಾರಕ್ಕೆ ಟೀ ಬಣ್ಣದ ಒಂದು ಆರೋಪಪಟ್ಟಿ ತಯಾರಿಟ್ಟಿರಿ. ನಿಯಮದ ಸಂಖ್ಯೆ, ಸಾಕ್ಷಿ, ಶಿಕ್ಷೆ, ಮೂರಕ್ಕೂ ಖಾಲಿ ಜಾಗ. ಕೆಳಗೆ ನಾಲ್ಕು ಸಹಿಯ ಗೆರೆ. ಸ್ಟಿಗೀಸ್_ಎಂಟು ಹೇಳಿದ ಮೇಗೋಸ್ ಬಾಗಿಲಲ್ಲಿ ಕಾಯ್ತಿರಲಿ, ಅವನ ಹತ್ತಿರ ಇನ್ನೊಂದು ಪತ್ರ: ಇಲ್ಲಿ ಸಿಕ್ಕಿದ್ದು ಬರೀ ಹಳೇ ಕೋಜಿಟೇಟರ್ ಅಂತ. ನಾಲ್ಕೂ ಸಹಿ ಯಾವುದಾದ್ರೂ ಒಂದರ ಮೇಲೆ ಬೀಳಬೇಕು, ಮೂರು ಸಹಿಗೆ ಬೆಲೆ ಇಲ್ಲ. ಅರ್ಧ ಗಂಟೆ ಮೀರಿದ್ರೆ ಮೇಗೋಸ್ ಒಳಗೆ ಬರ್ತಾನೆ. ಫೋನಿನ ಟೈಮರ್ ಅವರಿಗೆ ಕಾಣೋ ಹಾಗೆ ಇಡಿ, ನೀವು ಏನೂ ಮಾತಾಡಬೇಡಿ.